ದೇವಚಂದ್ರನ ಮನೆತನದ ಬರಹ ಮತ್ತು ಚರಿತ್ರೆಯ ಸಾಕ್ಷ್ಯ

ಕನಕಗಿರಿಯ ದೇವಚಂದ್ರನ ‘ರಾಜಾವಳೀ ಕಥಾಸಾರ’ವನ್ನು ಕುರಿತು ಕಳೆದ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದಿರುವ ಚರ್ಚೆಯಲ್ಲಿ ಒಂದು ವಿಚಿತ್ರವಾದ ಅಸಮತೋಲನವಿದೆ. ಆ ಗ್ರಂಥಕರ್ತನು ತನಗಿಂತ ಎರಡು ಸಾವಿರ ವರ್ಷಗಳ ಹಿಂದಿನ ಭದ್ರಬಾಹು ಸ್ವಾಮಿಗಳ ವಿಷಯದಲ್ಲಿ ಏನು ಹೇಳಿದ್ದಾನೆಂಬುದನ್ನು ವಿದ್ವಾಂಸರು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಆತನು ತನ್ನ ಮನೆತನ, ತನ್ನ ಊರು ಹಾಗೂ ತನ್ನ ಕಾಲವನ್ನು ಕುರಿತು ಹೇಳಿರುವುದನ್ನು ಮಾತ್ರ ಕವಿಚರಿತೆಯ ಸಾಮಗ್ರಿಯೆಂದು ನಾಲ್ಕು ಸಾಲುಗಳಲ್ಲಿ ಸಂಗ್ರಹಿಸಿ ಬಿಟ್ಟಿದ್ದಾರೆ. ಆತನಿಗೆ ಅತ್ಯಂತ ದೂರವಾದ ವಿಷಯದಲ್ಲಿ ಆತನನ್ನು ಸಾಕ್ಷಿಯಾಗಿ ಕರೆದು, ಆ ಸಾಕ್ಷ್ಯ ನಿಲ್ಲುವುದಿಲ್ಲವೆಂದು ಕಂಡಾಗ, ಅತ್ಯಂತ ಹತ್ತಿರದ ವಿಷಯಗಳಲ್ಲಿಯೂ ಆತನ ಮಾತಿಗೆ ಬೆಲೆ ಕಡಮೆಯೆಂದು ಭಾವಿಸಿದಂತಾಗಿದೆ. ಹತ್ತೊಂಬತ್ತನೆಯ ಶತಮಾನದ ಒಬ್ಬ ಹಿರಿಯನ ಜೀವನವನ್ನು ಮನೆತನದ ಬರಹಗಳಿಂದ ಕಟ್ಟಿಕೊಳ್ಳಬೇಕಾದವರಿಗೆಲ್ಲ ಎದುರಾಗುವ ತೊಡಕು ಇಲ್ಲಿ ಸ್ಪಷ್ಟವಾಗಿ ಕಾಣುವುದರಿಂದ, ದೇವಚಂದ್ರನ ಉದಾಹರಣೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಗ್ರಂಥದ ವಿಮರ್ಶೆಯ ಇತಿಹಾಸವನ್ನು ಮೊದಲು ನೆನೆಯಬೇಕು. ಲೂಯಿ ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಗಳ ಸಂಪುಟದಲ್ಲಿ, ಭದ್ರಬಾಹು–ಚಂದ್ರಗುಪ್ತರ ಪರಂಪರೆಯನ್ನು ವಿವರಿಸುವಾಗ ಈ ಗ್ರಂಥವನ್ನು ಬಳಸಿಕೊಂಡರು. ಜೆ. ಎಫ್. ಫ್ಲೀಟ್ ಅವರು ಅದನ್ನು ತೀವ್ರವಾಗಿ ವಿರೋಧಿಸಿ, ಇಷ್ಟು ಈಚಿನ ಕೃತಿಯೊಂದು ಮೌರ್ಯರ ಕಾಲದ ಘಟನೆಗೆ ಆಧಾರವಾಗಲಾರದೆಂದು ವಾದಿಸಿದರು. ಮುಂದೆ ಆರ್. ನರಸಿಂಹಾಚಾರ್ಯರು 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಶಾಸನ ಹಾಗೂ ಸಾಹಿತ್ಯದ ಇತರ ಆಧಾರಗಳನ್ನು ಒಟ್ಟುಗೂಡಿಸಿದರು. ಕ್ರಿ.ಶ. 931ರ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿಯೂ, ಹದಿನೇಳನೆಯ ಶತಮಾನದ ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ದಲ್ಲಿಯೂ ಈ ಕಥೆಯ ಬೇರೆ ಬೇರೆ ರೂಪಗಳು ದೊರೆಯುತ್ತವೆ. ಆದುದರಿಂದ ದೇವಚಂದ್ರನು ಅದನ್ನು ಕಲ್ಪಿಸಿದವನಲ್ಲ; ಪರಂಪರೆಯಿಂದ ಬಂದುದನ್ನು ಸಂಗ್ರಹಿಸಿದವನು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ವಾದವಿವಾದದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋದುವು. ‘ಈ ಗ್ರಂಥದ ಈ ಭಾಗ ನಂಬತಕ್ಕದ್ದೇ?’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಈ ಗ್ರಂಥಕರ್ತನು ನಂಬತಕ್ಕವನೇ?’ ಎಂಬ ಪ್ರಶ್ನೆ ಬಂದು ಕುಳಿತಿತು. ಮೊದಲನೆಯದಕ್ಕೆ ಭಾಗದಿಂದ ಭಾಗಕ್ಕೆ ಬೇರೆ ಬೇರೆ ಉತ್ತರವಿರಬಹುದು. ಎರಡನೆಯದು ಹೌದು ಇಲ್ಲವೆಂಬ ಒಂದೇ ತೀರ್ಪನ್ನು ಬೇಡುತ್ತದೆ.

ಈ ತೀರ್ಪಿನ ಭಾರವನ್ನು ಬದಿಗಿಟ್ಟು, ದೇವಚಂದ್ರನ ಜೀವನವನ್ನು ಕುರಿತು ಸ್ಥಿರವಾಗಿ ಹೇಳಬಹುದಾದುದೇನೆಂದು ನೋಡಬೇಕು. ಆತನ ಊರು ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರು. ಊರಿನ ಬಳಿಯ ಬೆಟ್ಟವೇ ಕನಕಗಿರಿ. ಪೂಜ್ಯಪಾದಾಚಾರ್ಯರ ಹೆಸರಿನೊಡನೆ ಪರಂಪರೆಯು ಜೋಡಿಸುವ ಈ ಕ್ಷೇತ್ರವು ಹಳೆಯ ಮೈಸೂರಿನ ತೆಂಕಣ ಭಾಗದ ಮುಖ್ಯ ಜೈನ ನೆಲೆಗಳಲ್ಲೊಂದು. ಮನೆತನದವರು ಕರಣಿಕ ವೃತ್ತಿಯವರು. ಆತನ ಅಣ್ಣ ಪದ್ಮರಾಜನು 1792ರಲ್ಲಿ ‘ಪೂಜ್ಯಪಾದ ಚರಿತೆ’ಯನ್ನು ರಚಿಸಿದನು. ಆತನು ತಾನೂ ‘ರಾಮಕಥಾವತಾರ’ವೆಂಬ ಕೃತಿಯನ್ನು ಬರೆದನು. 1804ರಲ್ಲಿ ಮೋಜಣಿಯ ಅಧಿಕಾರಿ ಕಾಲಿನ್ ಮೆಕೆಂಜಿಯ ಭೇಟಿಯಾಯಿತು. 1838ರಲ್ಲಿ, ಎಂದರೆ ಶಕ 1760ರಲ್ಲಿ, ‘ರಾಜಾವಳೀ ಕಥಾಸಾರ’ ಮುಗಿದು ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗೆ ಅರ್ಪಿತವಾಯಿತು. ಕವಿಚರಿತಕಾರರು ಆತನ ಜನನವನ್ನು 1770ರ ಸುಮಾರಿಗೆ ಇಡುತ್ತಾರೆ. ಹಾಗಾದರೆ ಹೈದರಾಲಿಯು 1782ರಲ್ಲಿ ತೀರಿಕೊಂಡಾಗ ಈತನು ಹುಡುಗ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ, ಅದೇ ವರ್ಷ ಮನೆಯಲ್ಲಿ ಅಣ್ಣನು ಆಚಾರ್ಯರ ಚರಿತೆಯನ್ನು ಬರೆಯುತ್ತಿದ್ದಾಗ, ಇಪ್ಪತ್ತೆರಡರ ತರುಣ. 1799ರಲ್ಲಿ ಟೀಪುವಿನ ಆಳಿಕೆ ಮುಗಿದಾಗ ಸುಮಾರು ಇಪ್ಪತ್ತೊಂಬತ್ತು ವಯಸ್ಸಿನವನು.

ಕರಣಿಕ ವೃತ್ತಿಯೆಂಬ ಈ ಒಂದು ಸಂಗತಿಗೆ ಸಾಹಿತ್ಯ ಚರಿತ್ರೆಯಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲ. ಕರಣಿಕನೆಂದರೆ ಲೆಕ್ಕ ಬರೆಯುವವನು. ಹಳೆಯ ಮೈಸೂರಿನ ಆಡುಮಾತಿನಲ್ಲಿ ಶಾನುಭೋಗನ ಕೆಲಸಕ್ಕೆ ಹತ್ತಿರವಾದುದು. ಯಾರ ಹೊಲ ಯಾವ ಎಲ್ಲೆಗೆ ಸೇರಿದುದು, ದೇವಸ್ಥಾನಕ್ಕೆ ಬಿಟ್ಟ ಭೂಮಿಯ ಹುಟ್ಟುವಳಿಯೇನು, ಯಾವ ಮಾನ್ಯ ಯಾರ ಕಾಲದಿಂದ ನಡೆದುಬಂದಿದೆ ಎಂಬುದನ್ನು ನೆನಪಿನಿಂದಲೂ ಬರಹದಿಂದಲೂ ಹೇಳಬಲ್ಲವನು ಅವನು. ಆದರೆ ಆ ಬರಹದ ಸಾಧನವೇ ಅಸ್ಥಿರವಾದುದು. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಲೇಪಿಸಿ ಮಡಿಸಿದ ಕಡತದಲ್ಲಿ ಬಳಪದಿಂದ ಬರೆದುದನ್ನು ಅಳಿಸಬಹುದು, ಅದರ ಮೇಲೆ ಮತ್ತೆ ಬರೆಯಬಹುದು. ವರ್ಷದ ಲೆಕ್ಕ ತೀರಿದ ಮೇಲೆ ಹಿಂದಿನದಕ್ಕೆ ಪ್ರಯೋಜನವಿಲ್ಲ. ತಾಳೆಯೋಲೆಯ ಮೇಲೆ ಕೊರೆದು ಮಸಿ ತುಂಬಿದ ಅಕ್ಷರಕ್ಕೆ ಈ ಗತಿಯಿಲ್ಲ. ಹುಳು, ನೀರು, ಬೆಂಕಿಗಳಿಂದ ಉಳಿದರೆ ಅದು ಶತಮಾನಗಳವರೆಗೆ ನಿಲ್ಲುತ್ತದೆ. ಇದರ ಪರಿಣಾಮವಾಗಿ ಇಂಥ ಮನೆತನಗಳ ಹಿರಿಯರು ದಿನನಿತ್ಯ ಮಾಡಿದ ಕೆಲಸದ ಗುರುತು ಅಳಿದುಹೋಗಿ, ಅವರು ಧರ್ಮಾರ್ಥವಾಗಿ ಬರೆದ ಅಥವಾ ಬರೆಯಿಸಿದ ಗ್ರಂಥಗಳ ಗುರುತು ಮಾತ್ರ ಉಳಿಯುತ್ತದೆ. ಮೂರು ನಾಲ್ಕು ಓಲೆಯ ಕಟ್ಟುಗಳನ್ನು ಇಟ್ಟುಕೊಂಡು ‘ನಮ್ಮ ಮುತ್ತಜ್ಜನು ಸದಾ ಶಾಸ್ತ್ರಾಧ್ಯಯನದಲ್ಲಿಯೇ ಕಾಲ ಕಳೆದನು’ ಎಂದು ಬರೆಯುವ ವಂಶಚರಿತಕಾರರು, ಉಳಿದುಬಂದ ದಾಖಲೆಯ ಸ್ವರೂಪವನ್ನು ಆ ಹಿರಿಯನ ಸ್ವಭಾವವೆಂದು ತಿಳಿಯುತ್ತಾರೆ. ಹಗಲೆಲ್ಲ ಕಂದಾಯದ ಲೆಕ್ಕ ಬರೆದು ರಾತ್ರಿ ದೀಪದ ಬೆಳಕಿನಲ್ಲಿ ಓಲೆ ತೆಗೆದವನೂ ಅಂಥ ಕಟ್ಟುಗಳನ್ನೇ ಬಿಟ್ಟುಹೋಗುತ್ತಾನೆ.

ದೇವಚಂದ್ರನ ವಿಷಯದಲ್ಲಿ ಈ ದೋಷವನ್ನು ತಪ್ಪಿಸುವ ಒಂದು ಹೊರಗಿನ ಘಟನೆಯಿದೆ. ಅದೇ 1804ರ ಭೇಟಿ. 1799ರ ಅನಂತರ ಮೈಸೂರು ಸಂಸ್ಥಾನದ ಮೋಜಣಿಯನ್ನು ಕೈಕೊಂಡ ಮೆಕೆಂಜಿಯು ನೆಲವನ್ನು ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು, ಶಾಸನ, ಸ್ಥಳಪುರಾಣ, ವಂಶಾವಳಿಗಳನ್ನು ಕೂಡಿಹಾಕಿಸಿದನು. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ತೀರಿಕೊಂಡ ಆತನ ಸಂಗ್ರಹದ ಸೂಚಿಯನ್ನು ಎಚ್. ಎಚ್. ವಿಲ್ಸನ್ನರು 1828ರಲ್ಲಿ ಪ್ರಕಟಿಸಿದರು. ಅದರ ಕನ್ನಡ ಭಾಗದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು 1994ರಲ್ಲಿ ಸಂಪಾದಿಸಿದರು. ಮೆಕೆಂಜಿಯ ಸಹಾಯಕರು ಹಳ್ಳಿಗೆ ಬಂದಾಗ ಉತ್ತರ ಕೊಡಲು ಸಮರ್ಥರಾದವರಲ್ಲಿ ಕರಣಿಕರೇ ಮೊದಲಿಗರು. ಹೀಗೆ ದೇವಚಂದ್ರನು ತನ್ನ ಪ್ರಾಂತದ ವೃತ್ತಾಂತಗಳನ್ನು ಒದಗಿಸುವವನಾಗಿ ಆ ಕಾರ್ಯದೊಳಗೆ ಬಂದನು. ಆಗ ಹುಟ್ಟಿದ ಸಂಗ್ರಹದ ಆಸಕ್ತಿಯೇ ಮುಂದೆ ‘ರಾಜಾವಳೀ ಕಥಾಸಾರ’ವಾಯಿತು. ಮನೆಯೊಳಗಿನ ಬರಹವು ಹೇಳುವ ಈ ಸಂಗತಿಯು, ಆ ಮನೆತನದೊಡನೆ ಯಾವ ಸಂಬಂಧವೂ ಇಲ್ಲದ ಮೋಜಣಿಯ ಚಟುವಟಿಕೆಗೆ ಕಾಲದಲ್ಲಿಯೂ ದೇಶದಲ್ಲಿಯೂ ಸರಿಹೊಂದುತ್ತದೆ. ಬೇರೆ ಬೇರೆ ಉದ್ದೇಶದಿಂದ ಹುಟ್ಟಿದ ಎರಡು ಬರಹಗಳು ಕೂಡುವ ಸ್ಥಾನವೇ ಒಬ್ಬ ಹಿರಿಯನ ಜೀವನದಲ್ಲಿ ಗಟ್ಟಿಯಾದ ನೆಲ. ಪ್ರಶಸ್ತಿಯ ನೂರು ವಿಶೇಷಣಗಳಿಗಿಂತ ಇಂಥ ಒಂದು ಸ್ಥಾನಕ್ಕೆ ಹೆಚ್ಚಿನ ಬೆಲೆಯುಂಟು.

ಈ ಘಟನೆಗೆ ಇನ್ನೊಂದು ಮುಖವೂ ಇದೆ. ಯಾರೂ ಕೇಳದಿದ್ದಾಗ ಮನೆತನದ ನೆನಪು ಒಂದು ಬಗೆಯಲ್ಲಿರುತ್ತದೆ. ಅಧಿಕಾರದಲ್ಲಿರುವವನು ಕೇಳಿದಾಗ ಅದು ಬೇರೊಂದು ರೂಪ ತಾಳುತ್ತದೆ. ಟೀಪುವಿನ ಪತನದ ಅನಂತರ ಪೂರ್ಣಯ್ಯನ ದಿವಾನಗಿರಿಯಲ್ಲಿ (1799–1811) ಭೂಮಿ ಹಾಗೂ ಮಾನ್ಯಗಳ ಹಕ್ಕುಗಳು ಮತ್ತೆ ವಿಚಾರಣೆಗೆ ಬಂದ ಕಾಲವದು. ಅಂಥ ಸಮಯದಲ್ಲಿ ‘ನಿಮ್ಮ ಕ್ಷೇತ್ರದ ಪ್ರಾಚೀನತೆಯೇನು, ನಿಮ್ಮ ಮನೆತನ ಇಲ್ಲಿ ಎಷ್ಟು ಕಾಲದಿಂದ ಇದೆ’ ಎಂದು ಸರ್ಕಾರದ ಕಡೆಯವರು ಕೇಳಿದರೆ, ಉತ್ತರವು ಹಿಂದಕ್ಕೆ ಹಿಂದಕ್ಕೆ ಚಾಚಿಕೊಳ್ಳುವುದು ಸಹಜ. ಇದನ್ನು ಸುಳ್ಳೆನ್ನಬೇಕಾಗಿಲ್ಲ. ಪ್ರಶ್ನೆಯೇ ಉತ್ತರದ ಆಕಾರವನ್ನು ನಿರ್ಧರಿಸಿತೆಂಬುದನ್ನು ಗಣನೆಗೆ ತಂದುಕೊಂಡರೆ ಸಾಕು. ಯಾವ ವಂಶಾವಳಿಯನ್ನಾಗಲಿ ಓದುವ ಮುನ್ನ ಅದು ಯಾರ ಪ್ರಶ್ನೆಗೆ ಉತ್ತರವಾಗಿ, ಯಾವ ವರ್ಷ ಬರೆಯಲ್ಪಟ್ಟಿತೆಂದು ಕೇಳಿಕೊಳ್ಳುವುದು ಅವಶ್ಯ.

1804ರಿಂದ 1838ರವರೆಗೆ ಮೂವತ್ತನಾಲ್ಕು ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಕೇಳುವವರು ಬದಲಾದರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವು ಬ್ರಿಟಿಷ್ ಕಮಿಷನರುಗಳಿಗೆ ಹೋಗಿ, ಅರಮನೆಗೆ ಉಳಿದುದು ಗೌರವ ಮತ್ತು ವಿದ್ಯಾಪೋಷಣೆ. ಗ್ರಂಥವು ಪೂರ್ಣವಾದುದು ಅಂಥ ಅರಮನೆಯ ರಾಣಿವಾಸದ ಆಶ್ರಯದಲ್ಲಿ. ಅಲ್ಲಿ ರಾಜವಂಶದ ಚರಿತ್ರೆಗೂ ಜೈನಧರ್ಮದ ಚರಿತ್ರೆಗೂ ಇರುವ ಹಳೆಯ ನಂಟನ್ನು ಕಾಣಿಸುವುದು ಕವಿಯ ಸಹಜವಾದ ಉದ್ದೇಶ. ತನ್ನ ಮನೆತನವನ್ನು ಆ ನಂಟಿನ ಒಂದು ಕೊಂಡಿಯಾಗಿ ನಿಲ್ಲಿಸುವುದೂ ಅಷ್ಟೇ ಸಹಜ. ಮೋಜಣಿಗಾಗಿ ಒದಗಿಸಿದ ವೃತ್ತಾಂತವನ್ನು ಅರಮನೆಗೆ ಅರ್ಪಿಸುವ ಗ್ರಂಥವನ್ನಾಗಿ ಮಾಡುವಾಗ ಒಬ್ಬನೇ ಲೇಖಕನು ಎರಡು ಬಗೆಯ ಓದುಗರನ್ನು ಎದುರಿಸಿದ್ದಾನೆ. ಅರವತ್ತೆಂಟರ ವಯಸ್ಸಿನ ವೃದ್ಧನು ಮೂವತ್ತನಾಲ್ಕರ ಪ್ರಾಯದಲ್ಲಿ ಆದುದನ್ನು ನೆನೆದು ಬರೆದದ್ದೆಂಬ ಅಂಶವನ್ನೂ ಇದರೊಡನೆ ಸೇರಿಸಿಕೊಳ್ಳಬೇಕು.

ಈ ಎಲ್ಲ ಎಚ್ಚರಿಕೆಗಳಿಂದ ಗ್ರಂಥದ ಬೆಲೆ ಕುಂದುವುದಿಲ್ಲ. ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಬೆಲೆ ಕಟ್ಟಲು ದಾರಿಯಾಗುತ್ತದೆ. ದೇವಚಂದ್ರನ ಬರಹದಲ್ಲಿ ನಾಲ್ಕು ಪದರಗಳನ್ನು ಗುರುತಿಸಬಹುದು. ತಾನು ಕಂಡುದು ಮೊದಲನೆಯದು. ಮೆಕೆಂಜಿಯ ಭೇಟಿ, ಅಣ್ಣನ ಕಾವ್ಯ, ತನ್ನ ಕಾಲದ ಮಲೆಯೂರು ಇದಕ್ಕೆ ಸೇರುತ್ತವೆ. ಹಿರಿಯರ ಬಾಯಿಂದ ಕೇಳಿರಬಹುದಾದುದು ಎರಡನೆಯದು. ಚಿಕ್ಕದೇವರಾಜ ಒಡೆಯರ (1673–1704) ಮಂತ್ರಿ, ಜೈನನಾದ ಯಳಂದೂರಿನ ವಿಶಾಲಾಕ್ಷ ಪಂಡಿತನು 1686ರಲ್ಲಿ ಕೊಲೆಯಾದ ಕಾಲದ ವೃತ್ತಾಂತ ಈ ವರ್ಗದ್ದು. ಆ ಘಟನೆಗೂ ದೇವಚಂದ್ರನ ಜನನಕ್ಕೂ ಸುಮಾರು ಎಂಬತ್ತನಾಲ್ಕು ವರ್ಷಗಳ ಅಂತರ. ಯಳಂದೂರಾದರೋ ಅದೇ ಸೀಮೆಯ ಊರು. ತಾತನು ಕಂಡವರಿಂದ ಕೇಳಿದುದನ್ನು ಮೊಮ್ಮಗನು ಕೇಳಿರಬಹುದಾದ ಅಳತೆಯಿದು. ಇಲ್ಲಿ ವಿವರಗಳಲ್ಲಿ ಪಕ್ಷಪಾತವಿರಬಹುದು, ಆದರೆ ಘಟನೆಯ ನೆನಪು ಜೀವಂತವಾದುದು. ಮೂರನೆಯದು ವಿದ್ವಾಂಸರ ಪರಂಪರೆಯಲ್ಲಿ ಕಥೆಯಾಗಿ ಬೆಳೆದುದು. ಅಭಿನವ ಪಂಪನ ಕಾಲದಲ್ಲಿ ಕಂತಿಯೆಂಬ ಕವಯಿತ್ರಿಯಿದ್ದಳೆಂಬ ವೃತ್ತಾಂತಕ್ಕೆ ಸಾಹಿತ್ಯ ಚರಿತ್ರೆಯು ಮುಖ್ಯವಾಗಿ ದೇವಚಂದ್ರನನ್ನೇ ಅವಲಂಬಿಸಿದೆ. ನಡುವೆ ಏಳು ಶತಮಾನಗಳಿವೆ. ಶಾಸ್ತ್ರ ಹಾಗೂ ಪುರಾಣಗಳಿಂದ ಸಂಗ್ರಹಿಸಿದುದು ನಾಲ್ಕನೆಯದು. ಭದ್ರಬಾಹುವಿನ ಕಥೆ ಈ ಪದರಕ್ಕೆ ಸೇರಿದುದು. ರೈಸ್–ಫ್ಲೀಟರ ವಿವಾದವು ನಡೆದದ್ದೆಲ್ಲ ಈ ಕೊನೆಯ ಪದರದ ಮೇಲೆ. ಮೊದಲನೆಯ ಪದರಕ್ಕೆ ಆ ವಿವಾದದ ಫಲಿತಾಂಶವನ್ನು ಅನ್ವಯಿಸುವುದು ಸಂಗತವಾಗಿ ತೋರುವುದಿಲ್ಲ.

ಮನೆತನದ ದಾಖಲೆಗಳನ್ನು ಹಿಡಿದು ಕಾಲನಿರ್ಣಯ ಮಾಡುವಾಗ ಒದಗುವ ಎರಡು ಅಪಾಯಗಳನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಮೊದಲನೆಯದು ಸಂವತ್ಸರ. ಶಕ 1760ಕ್ಕೆ ವಿಳಂಬಿ ಸಂವತ್ಸರ. ಅರವತ್ತು ವರ್ಷಗಳ ಚಕ್ರವಾದುದರಿಂದ 1778, 1838, 1898 ಈ ಮೂರೂ ವಿಳಂಬಿಯೇ. ಹಲವು ಓಲೆಗಳ ಪುಷ್ಪಿಕೆಯಲ್ಲಿ ಶಕವರ್ಷವಿಲ್ಲದೆ ಸಂವತ್ಸರ, ಮಾಸ, ತಿಥಿ, ವಾರಗಳಷ್ಟೇ ಇರುತ್ತವೆ. ಎರಡನೆಯದು ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವಲ್ಲಿ ಒಂದೇ ಹೆಸರು ಸರಿಸುಮಾರು ಐವತ್ತು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಸಂವತ್ಸರದ ಚಕ್ರವೂ ಹೆಸರಿನ ಚಕ್ರವೂ ಹೀಗೆ ಒಂದರ ಮೇಲೊಂದು ಬಿದ್ದಾಗ ತಾತನ ಓಲೆ ಮೊಮ್ಮಗನಿಗೆ, ಮೊಮ್ಮಗನ ದಾನ ತಾತನಿಗೆ ಸಲ್ಲುವುದು ಬಹು ಸುಲಭ. ಜೈನ ಸಾಹಿತ್ಯದಲ್ಲಿ ದೇವಚಂದ್ರ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇರುವುದೂ ಈ ತೊಡಕನ್ನು ಹೆಚ್ಚಿಸುತ್ತದೆ. ತಿಥಿಯೂ ವಾರವೂ ಯಾವ ಚಕ್ರದಲ್ಲಿ ಒಂದಕ್ಕೊಂದು ಕೂಡಿಬರುತ್ತವೆಂದು ಪಂಚಾಂಗದಿಂದ ಗಣಿಸಿ ನೋಡುವುದು ಇದಕ್ಕೆ ಪರಿಹಾರ. ಅಕ್ಷರದ ಮೋಡಿ, ಓಲೆಯ ಜಾತಿ, ಲಿಪಿಕಾರನ ಹೆಸರು ಇವುಗಳೂ ಸಹಾಯಕ್ಕೆ ಬರುತ್ತವೆ. ಈ ಪರೀಕ್ಷೆಯಿಲ್ಲದೆ ಸಂವತ್ಸರವೊಂದನ್ನೇ ನಂಬಿ ಕ್ರಿಸ್ತಶಕದ ವರ್ಷವನ್ನು ಬರೆದುಬಿಡುವುದು ಆತುರವೆನಿಸುತ್ತದೆ.

ಇನ್ನೊಂದು ಮುಖ್ಯ ವಿಷಯವು ಸ್ತ್ರೀಯರದು. ವಂಶಾವಳಿಯು ತಂದೆಯಿಂದ ಮಗನಿಗೆ ಸಾಗುವ ಬರಹ. ಅದರಲ್ಲಿ ತಾಯಿ, ಮಡದಿ, ಸೊಸೆಯರ ಹೆಸರು ಬಂದರೂ ಸಂಬಂಧ ಸೂಚನೆಗಷ್ಟೇ. ಅದೇ ಮನೆತನದ ಓಲೆಯ ಕಟ್ಟನ್ನು ಬಿಚ್ಚಿ ಕೊನೆಯ ಗರಿಯನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ನೋಂಪಿಯ ಉದ್ಯಾಪನೆಗೆಂದು ಗ್ರಂಥವನ್ನು ಬರೆಯಿಸಿ ಬಸದಿಗೆ ಅಥವಾ ಮುನಿಗಳಿಗೆ ಶಾಸ್ತ್ರದಾನ ಮಾಡಿದವರಲ್ಲಿ ಸ್ತ್ರೀಯರು ತಮ್ಮ ಸ್ವಂತ ಹೆಸರಿನಿಂದ ಕಾಣಿಸುತ್ತಾರೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಎಲ್ಲರಿಗೂ ತಿಳಿದ ವಿಷಯ, ಆ ಧರ್ಮವು ಸಣ್ಣ ಪ್ರಮಾಣದಲ್ಲಿ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ನಡೆದುಬಂದಿತು. ವಂಶವೃಕ್ಷದಲ್ಲಿ ಇಂಥವರ ಮಡದಿಯೆಂದಷ್ಟೇ ನಿಂತವಳು ಪುಷ್ಪಿಕೆಯಲ್ಲಿ ಗ್ರಂಥಕ್ಕೆ ಕಾರಣಳಾದ ಕರ್ತೃವಾಗಿ ನಿಲ್ಲುತ್ತಾಳೆ. ‘ರಾಜಾವಳೀ ಕಥಾಸಾರ’ದಂಥ ದೊಡ್ಡ ಗ್ರಂಥವೂ ಪೂರ್ಣವಾಗಿ ಸಲ್ಲಿದುದು ಒಬ್ಬ ರಾಜಸ್ತ್ರೀಗೆ ಎಂಬುದನ್ನು ಇಲ್ಲಿ ನೆನೆಯಬಹುದು. ಹತ್ತೊಂಬತ್ತನೆಯ ಶತಮಾನದ ಜೈನ ಗೃಹಸ್ಥರ ಜೀವನವನ್ನು ಬರೆಯುವವರು ವಂಶಾವಳಿಯನ್ನು ನೆಚ್ಚಿ ಪುಷ್ಪಿಕೆಗಳನ್ನು ಬಿಟ್ಟರೆ ಮನೆಯ ಅರ್ಧದಷ್ಟು ಜನರನ್ನೇ ಬಿಟ್ಟಂತಾಗುತ್ತದೆ.

ಈ ಮಾತು ಹಸ್ತಪ್ರತಿ ಸೂಚಿಗಳ ಪ್ರಶ್ನೆಗೆ ಒಯ್ಯುತ್ತದೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ಮೂಡುಬಿದಿರೆ ಮೊದಲಾದ ಕಡೆಗಳ ಭಂಡಾರಗಳನ್ನು ವಿದ್ವತ್ ಪ್ರಪಂಚಕ್ಕೆ ತೆರೆದ ಮಹತ್ವದ ಕಾರ್ಯ. ಇಂಥ ಸೂಚಿಗಳು ಸಹಜವಾಗಿಯೇ ಗ್ರಂಥದ ಹೆಸರು, ಕರ್ತೃ, ವಿಷಯಗಳನ್ನು ಆಧಾರವಾಗಿಟ್ಟುಕೊಂಡು ಹೊರಟವು. ಯಾವ ಗ್ರಂಥ ಉಳಿದಿದೆ ಎಂಬುದೇ ಆ ಕಾಲದ ಮೊದಲ ಪ್ರಶ್ನೆಯಾಗಿತ್ತು. ಆದರೆ ಗ್ರಂಥಸಂಪಾದನೆಗೆ ನಿಷ್ಪ್ರಯೋಜಕವೆಂದು ತೋರುವ ಹತ್ತನೆಯ ಪ್ರತಿಯೊಂದು, ಅದರ ಕೊನೆಯ ಗರಿಯಲ್ಲಿರುವ ಮೂರು ಸಾಲುಗಳಿಂದಾಗಿ ಒಂದು ಮನೆತನದ ಚರಿತ್ರೆಗೆ ಏಕಮಾತ್ರ ಆಧಾರವಾಗಿರಬಹುದು. ಕಟ್ಟಿನ ಹಲಗೆಯ ಮೇಲೆ ಬರೆದ ಸಾಲದ ಲೆಕ್ಕ, ಖಾಲಿ ಗರಿಯಲ್ಲಿ ಗುರುತಿಸಿದ ಮಗುವಿನ ಜನನಕಾಲ, ಬೇರೊಂದು ಕೈ ಸೇರಿಸಿದ ಮರಣದ ತಿಥಿ ಇವೆಲ್ಲ ಪಾಠಕ್ಕೆ ಸೇರಿದವಲ್ಲವೆಂದು ಪ್ರತಿಮಾಡುವಾಗ ಬಿಟ್ಟುಹೋಗುತ್ತವೆ. ಓಲೆಯ ಕಟ್ಟುಗಳು ಮನೆಯಿಂದ ಭಂಡಾರಕ್ಕೆ ಬರುವಾಗ ಯಾವ ಊರಿನ ಯಾವ ಮನೆಯಿಂದ ಬಂದವು ಎಂಬ ವಿವರವೂ ಜೊತೆಗೆ ಬರದಿದ್ದರೆ, ಒಂದೇ ಮನೆಯ ಐದು ಕಟ್ಟುಗಳು ಐದು ಸಂಖ್ಯೆಗಳಾಗಿ ಚದರಿ, ಪರಸ್ಪರ ಸಾಕ್ಷಿಗಳಾಗಬೇಕಾದವು ಮೂಕವಾಗುತ್ತವೆ. ಓಲೆಯನ್ನು ಭಂಡಾರದಲ್ಲಿ ಉಳಿಸಿದ ಮೇಲೂ ಅದರ ಚರಿತ್ರೆಯನ್ನು ಕಳೆದುಕೊಳ್ಳುವ ದಾರಿಯಿದು.

ದೇವಚಂದ್ರನ ಭಾಗ್ಯದಿಂದ ಆತನ ಗ್ರಂಥವು ಈ ಗತಿಗೆ ಬೀಳಲಿಲ್ಲ. ನರಸಿಂಹಾಚಾರ್ಯರು 1929ರಲ್ಲಿ ಹೊರಬಂದ ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟದಲ್ಲಿ ಆತನನ್ನು ಪರಿಚಯಿಸಿದರು, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಿ. ಎಸ್. ಸಣ್ಣಯ್ಯನವರ ಸಂಪಾದನೆಯಿಂದ ಇಡೀ ಗ್ರಂಥವು ಓದುಗರ ಕೈಸೇರಿತು. ಇನ್ನು ಆಗಬೇಕಾದುದು ಆತನು ತನ್ನ ಮನೆತನವನ್ನೂ ತನ್ನ ಸೀಮೆಯನ್ನೂ ಕುರಿತು ಹೇಳಿರುವ ಭಾಗಗಳನ್ನು ಪ್ರತ್ಯೇಕಿಸಿ, ಮಲೆಯೂರಿನ ಶಾಸನಗಳು, ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳು, ಪದ್ಮರಾಜನ ಕಾವ್ಯದ ಆದ್ಯಂತ ಭಾಗಗಳು, ಆ ಪ್ರಾಂತದಿಂದ ಬಂದ ಓಲೆಗಳ ಪುಷ್ಪಿಕೆಗಳು ಇವುಗಳೊಡನೆ ಸಾಲುಸಾಲಾಗಿ ತಾಳೆನೋಡುವ ಕಾರ್ಯ. ಅದರಿಂದ ಆತನ ವಂಶಾವಳಿಯ ಕೆಲವು ಹಳೆಯ ಕೊಂಡಿಗಳು ಸಡಿಲವಾಗಬಹುದು. ಹಾಗಾದರೂ ನಷ್ಟವಿಲ್ಲ. ಮೂರು ಆಳಿಕೆಗಳನ್ನು ಕಂಡು, ಅಳಿಸಿಹೋಗುವ ಕಡತದಲ್ಲಿ ಲೆಕ್ಕ ಬರೆಯುವ ಮನೆತನದಲ್ಲಿ ಹುಟ್ಟಿ, ತನ್ನ ಸೀಮೆಯ ನೆನಪುಗಳನ್ನು ಮೂವತ್ತನಾಲ್ಕು ವರ್ಷ ಕೂಡಿಹಾಕಿ ಅಳಿಯದ ಗ್ರಂಥವನ್ನಾಗಿ ಮಾಡಿದ ಒಬ್ಬ ಕರಣಿಕನ ಜೀವನವು ಅದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ತಮ್ಮ ಹಿರಿಯರ ಚರಿತ್ರೆಯನ್ನು ಬರೆಯಹೊರಟ ಜೈನ ಮನೆತನಗಳವರು ಅಟ್ಟದ ಮೇಲಿನ ಕಟ್ಟುಗಳನ್ನು ಬಿಚ್ಚುವಾಗ ಮೊದಲು ಗ್ರಂಥದ ಹೆಸರನ್ನಲ್ಲ, ಕೊನೆಯ ಗರಿಯನ್ನು ಓದುವುದು, ಓದಿದುದನ್ನು ಇದ್ದಂತೆಯೇ ಪ್ರತಿಮಾಡಿ ಕಟ್ಟಿನೊಡನೆ ಇಡುವುದು ಈ ಕಾರ್ಯದ ಮೊದಲ ಮೆಟ್ಟಿಲು.